ಹುಳುವಿಗೆ ಕೊಡುವ ವಿರಾಮ ಮನೆಯ ತಾಯಿಗೇಕಿಲ್ಲ?

ಶ್ರಾವಣ ಮಾಸ ಕಾಲಿಟ್ಟಿತೆಂದರೆ ನಮ್ಮ ಸೀಮೆಯಲ್ಲಿ ಹಬ್ಬಗಳ ಸಾಲು ಆರಂಭವಾಗುತ್ತದೆ. ನಾಗರಪಂಚಮಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ಮಹಾಲಯ ಅಮಾವಾಸ್ಯೆ, ನವರಾತ್ರಿ, ದೀಪಾವಳಿ ಎಂದು ಕಾರ್ತಿಕ ಮುಗಿಯುವವರೆಗೆ ನಾಲ್ಕು ತಿಂಗಳು ಬಿಡುವೆಂಬುದಿಲ್ಲ. ನಡುವೆ ಮಠದ ಪ್ರವಚನ, ಶಿವಾನುಭವ ಗೋಷ್ಠಿ, ದಾಸೋಹಗಳೂ ಉಂಟು. ಹಬ್ಬವು ಮನಸ್ಸಿನ ದಣಿವನ್ನು ನೀಗಲೆಂದು ಹಿರಿಯರು ಮಾಡಿಕೊಂಡ ಏರ್ಪಾಡು. ಆದರೆ ಈಚಿನ ವರ್ಷಗಳಲ್ಲಿ ಮಠಕ್ಕೆ ಬರುವ ತಾಯಂದಿರ ಬಾಯಲ್ಲಿ “ಹಬ್ಬ ಒಂದು ಮುಗಿದರೆ ಸಾಕು” ಎಂಬ ಮಾತನ್ನೇ ಹೆಚ್ಚಾಗಿ ಕೇಳುತ್ತಿದ್ದೇವೆ. ಈ ಮಾತನ್ನು ನಾವು ಲಘುವಾಗಿ ಪರಿಗಣಿಸಬಾರದು.

ಕಳೆದ ಗೌರಿ ಹಬ್ಬದಂದು ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರ ಭಕ್ತರ ಮನೆಗೆ ಹೋಗಿದ್ದೆವು. ಮನೆಯ ತಾಯಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹುಳುಮನೆಗೆ ಸೊಪ್ಪು ಹಾಕಿ, ಮನೆ ಸಾರಿಸಿ, ಹೋಳಿಗೆಗೆ ಬೇಳೆ ಬೇಯಿಸಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮರೆಯದೆ ನುಂಗಿದ್ದರು. ಊಟವನ್ನು ಮಾತ್ರ ಪೂಜೆಯಾದ ಮೇಲೆ, ಬಂದವರೆಲ್ಲರೂ ಉಂಡ ಮೇಲೆ ಎಂದು ಮುಂದೂಡಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಅಡುಗೆಮನೆಯ ಹೊಸ್ತಿಲಲ್ಲಿಯೇ ಕುಸಿದರು. ಎಚ್ಚರವಿದ್ದುದರಿಂದ ಮಗಳು ಸಕ್ಕರೆ ನೀರು ಕುಡಿಸಿದಳು; ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಂಡರು. ಆಗ ಅವರಾಡಿದ ಮೊದಲ ಮಾತು: “ಹುಳುವಿಗೆ ಸೊಪ್ಪು ಹಾಕಿದಿರಾ?”

ಆ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ರೇಷ್ಮೆ ಹುಳು ಗೂಡು ಕಟ್ಟುವ ಮುನ್ನ ನಾಲ್ಕು ಬಾರಿ ಪೊರೆ ಕಳಚುತ್ತದೆ. ಇದನ್ನು ನಮ್ಮ ರೈತರು ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ನಿಶ್ಚಲವಾಗಿರುತ್ತದೆ, ಏನನ್ನೂ ತಿನ್ನುವುದಿಲ್ಲ. ಆಗ ಸೊಪ್ಪು ನಿಲ್ಲಿಸಿ, ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ, ಹುಳುವನ್ನು ಅಲುಗಿಸದೆ ಬಿಡುತ್ತಾರೆ. ಆ ವಿರಾಮ ಕೆಟ್ಟರೆ ಬೆಳೆ ಕೆಡುತ್ತದೆಂಬುದು ಮನೆಯ ಮಕ್ಕಳಿಗೂ ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹುಳು ಹಗಲಿರುಳೂ ಮೇಯುತ್ತದೆ. ಆ ವಾರ ಹಬ್ಬದ ವಾರವೇ ಆಗಿಬಿಟ್ಟರೆ ಮನೆಯವರಿಗೆ ನಿದ್ದೆಯಿಲ್ಲ. ಹುಳುವಿಗೆ ವಿರಾಮ ಬೇಕೆಂದು ಬಲ್ಲ ನಾವು, ಅದನ್ನು ಸಾಕುವ ತಾಯಿಗೂ ವಿರಾಮ ಬೇಕೆಂಬುದನ್ನು ಮರೆತಿದ್ದೇವೆ.

ಉಳಿದ ಕಡೆಯೂ ಹೀಗೆಯೇ. ಚಿಕ್ಕಬಳ್ಳಾಪುರದ ಸುತ್ತ ಸೇವಂತಿಗೆ, ಗುಲಾಬಿ ಬೆಳೆದವರಿಗೆ ಹಬ್ಬವೇ ಸುಗ್ಗಿ. ಊರೆಲ್ಲ ತೋರಣ ಕಟ್ಟುವ ಹೊತ್ತಿನಲ್ಲಿ ಅವರು ಹೂ ಕಿತ್ತು ಮಾರುಕಟ್ಟೆಗೆ ಓಡುತ್ತಾರೆ. ಚಿಂತಾಮಣಿಯ ಟೊಮೆಟೊ ಬೆಳೆಗಾರರ ಹಬ್ಬ ಆ ವಾರದ ಮಂಡಿಯ ಬೆಲೆಯ ಮೇಲೆ ನಿಂತಿರುತ್ತದೆ. ಗೌರಿಬಿದನೂರಿನಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಕತ್ತಲಾದ ಮೇಲೆ ಮನೆ ಸೇರಿ ಹಬ್ಬದ ಕೆಲಸಕ್ಕೆ ತೊಡಗುತ್ತಾರೆ. ಇವೆಲ್ಲದರ ಮೇಲೆ ಹೊಸ ಬಟ್ಟೆ, ಬಾಗಿನ, ನೆಂಟರ ಉಪಚಾರ. ಕೈಯಲ್ಲಿ ಹಣವಿಲ್ಲದಿದ್ದರೆ ಕೈಸಾಲ, ಸಂಘದ ಕಂತು. ಮನಸ್ಸು ಹೀಗೆ ಬಿಗಿದಾಗ ದೇಹ ಸುಮ್ಮನಿರುವುದಿಲ್ಲ. ರಕ್ತದೊತ್ತಡ ಏರುತ್ತದೆ, ಸಕ್ಕರೆಯ ಅಂಶ ಏರುಪೇರಾಗುತ್ತದೆ, ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ.

“ಭಕ್ತಿಯಲ್ಲಿ ಕಷ್ಟವಿರಲೇಬೇಕಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಮ್ಮ ಭಕ್ತರಿಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆ ತಾಯಿ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ತಂದದ್ದು ದಾಸೋಹಕ್ಕೇ ಆಗಿದ್ದರೂ, ಅಗತ್ಯಕ್ಕೆ ಮೀರಿದ್ದು ಆಸೆಯೆನಿಸುತ್ತದೆಂಬುದು ಅವರ ನಿಲುವು. ನೆರೆಮನೆಯವರಿಗಿಂತ ಎರಡು ಬಗೆ ಹೆಚ್ಚು ಮಾಡಬೇಕೆಂದು ಸಾಲ ತಂದು, ಮೈ ಮುರಿದುಕೊಂಡು ಮಾಡುವ ಹಬ್ಬವನ್ನು ಲಕ್ಕಮ್ಮನವರು ಒಪ್ಪುತ್ತಿದ್ದರೇ? ದೇಹವನ್ನು ದಂಡಿಸುವುದನ್ನು ಶರಣರು ಭಕ್ತಿಯ ಅಳತೆಗೋಲಾಗಿ ಎಂದೂ ಒಪ್ಪಲಿಲ್ಲ. ಕಾಯಕ ಮಾಡುವ ಕಾಯವನ್ನು ಕಾಯ್ದುಕೊಳ್ಳುವುದು ಸ್ವಾರ್ಥವಲ್ಲ, ಅದೂ ಒಂದು ಹೊಣೆ.

ಆದುದರಿಂದ ಈ ಹಬ್ಬದ ಸಾಲಿನಲ್ಲಿ ಭಕ್ತರು ಕೆಲವನ್ನು ರೂಢಿಗೆ ತರಬೇಕೆಂದು ನಮ್ಮ ಕೋರಿಕೆ. ಮೊದಲನೆಯದು ಊಟ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಉಪವಾಸ ಮಾಡುವ ಮನಸ್ಸಿದ್ದರೆ ಮೊದಲು ವೈದ್ಯರನ್ನು ಕೇಳಬೇಕು. ಹಬ್ಬದ ನೆಪದಲ್ಲಿ ರಕ್ತದೊತ್ತಡದ ಮಾತ್ರೆಯನ್ನು ಬಿಡಬಾರದು. ಬೆವರು, ನಡುಕ, ತೊದಲು ಮಾತು ಕಂಡರೆ ಕೂಡಲೇ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಎರಡನೆಯದು ನಿದ್ದೆ. ವಯಸ್ಕರಿಗೆ ದಿನಕ್ಕೆ ಸುಮಾರು 7 ಗಂಟೆಯ ನಿದ್ದೆ ಬೇಕು. ಹುಳುಮನೆಯ ರಾತ್ರಿ ಪಾಳಿಯನ್ನು ಗಂಡಸರೂ ಬೆಳೆದ ಮಕ್ಕಳೂ ಹಂಚಿಕೊಳ್ಳಲಿ. ಮೂರನೆಯದು ಲೆಕ್ಕ. ಹಬ್ಬಕ್ಕೆ ಒಂದು ವಾರ ಮುಂಚೆ ಮನೆಮಂದಿಯೆಲ್ಲ ಕೂತು ಖರ್ಚಿಗೂ ಅಡುಗೆಗೂ ಒಂದು ಮಿತಿ ಹಾಕಿಕೊಂಡರೆ ಅರ್ಧ ಚಿಂತೆ ಅಲ್ಲಿಗೇ ಇಳಿಯುತ್ತದೆ.

ನಾಲ್ಕನೆಯದು ನಮ್ಮ ಕೈಯಲ್ಲಿಯೇ ಇರುವ ಮದ್ದು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ದೃಷ್ಟಿ ನೆಟ್ಟು, ಉಸಿರನ್ನು ನಿಧಾನಗೊಳಿಸಿ ಹತ್ತು ನಿಮಿಷ ಕುಳಿತರೆ ಎದೆಬಡಿತ ಇಳಿದು ಮನಸ್ಸು ತಿಳಿಯಾಗುತ್ತದೆ. ಆದರೆ ಹಬ್ಬದ ದಿನ ಲಿಂಗಪೂಜೆಗೇ ಬಿಡುವಿಲ್ಲದವರು ಮನೆಯ ತಾಯಂದಿರು! ಹಬ್ಬದ ಬೆಳಗ್ಗೆ ಆ ಹತ್ತು ನಿಮಿಷ ಅವರನ್ನು ಯಾರೂ ಕರೆಯದಿರಲಿ. ಒಲೆಯ ಮುಂದೆ ಬೇರೊಬ್ಬರು ನಿಲ್ಲಲಿ.

ಇಷ್ಟಾದರೂ ಎರಡು ವಾರಕ್ಕೂ ಮೀರಿ ಬೇಸರ, ನಿದ್ರಾಹೀನತೆ, ಬದುಕೇ ಸಾಕೆನಿಸುವ ಭಾವನೆ ಉಳಿದರೆ ಅದನ್ನು ಗ್ರಹಚಾರವೆಂದು ಮುಚ್ಚಿಡದೆ ವೈದ್ಯರಲ್ಲಿ ಹೇಳಿಕೊಳ್ಳಬೇಕು. ಸಾಯುವ ಯೋಚನೆ ಸುಳಿದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ನಡೆಯುತ್ತಿದೆ. 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಪರರಿಗೆ ಹೇಳುವ ಮುನ್ನ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮಠದ ದಾಸೋಹದಲ್ಲಿ ಬೆಳಗಿನಿಂದ ರೊಟ್ಟಿ ತಟ್ಟಿ, ತರಕಾರಿ ಹೆಚ್ಚಿದ ತಾಯಂದಿರು ಕೊನೆಯ ಪಂಕ್ತಿಯಲ್ಲಿ ಆರಿದ ಅನ್ನ ಉಣ್ಣುವುದನ್ನು ನಾವೂ ಕಂಡು ಸುಮ್ಮನಿದ್ದೆವು. ಇನ್ನು ಮುಂದೆ ಅಡುಗೆಯ ಕಾಯಕ ಮಾಡಿದವರು ಮೊದಲ ಪಂಕ್ತಿಯಲ್ಲಿಯೇ ಪ್ರಸಾದ ಸ್ವೀಕರಿಸಲಿ, ಬಡಿಸುವ ಸೇವೆಯನ್ನು ಗಂಡಸರು ವಹಿಸಿಕೊಳ್ಳಲಿ ಎಂಬುದು ನಮ್ಮ ಅಭಿಪ್ರಾಯ. ಮಠದಲ್ಲಿ ಆರಂಭವಾದ ಈ ಪದ್ಧತಿ ಭಕ್ತರ ಮನೆಮನೆಗೂ ತಲುಪಲಿ. ದಣಿದ ತಾಯಿ ಬಿಸಿಯಾಗಿ ಮೊದಲ ತುತ್ತು ಉಂಡ ಮನೆಯಲ್ಲಿ ಹಬ್ಬಕ್ಕೆ ಯಾವ ಕೊರತೆಯೂ ಆಗದು.