ಸೀಸೆಯ ಮೇಲಿನ ಚೀಟಿ



ಕಳೆದ ತಿಂಗಳು ಮನೆಯ ಸಮಾರಂಭವೊಂದರಲ್ಲಿ ತಂತ್ರಾಂಶ ವೃತ್ತಿಯಲ್ಲಿರುವ ನನ್ನ ಸೋದರಳಿಯ ಹೇಳಿದ: "ಮಾವ, ಹಳೆಯ ಮೊಬೈಲುಗಳು ಶುದ್ಧ ದಡ್ಡ. ಪುಟವೆಲ್ಲ ಸರಿಯಿದ್ದರೂ ಕಂಟೆಂಟ್ ಟೈಪ್ ಒಂದು ತಪ್ಪಾದರೆ ತೆರೆಯುತ್ತಿರಲಿಲ್ಲ." ಊಟದ ಪಂಕ್ತಿಯಲ್ಲಿ ವಾದವೇಕೆಂದು ಸುಮ್ಮನಾದೆ. ಇಲ್ಲಿ ಸುಮ್ಮನಿರಲಾರೆ. ದಡ್ಡತನ ಮೊಬೈಲಿನದಲ್ಲ, ಕಳುಹಿಸಿದವರ ಅಲಕ್ಷ್ಯದ್ದು.

ಸರ್ವರ್ ಒಂದು ಕಡತವನ್ನು ಕಳುಹಿಸುವಾಗ "ಇದು ಇಂಥದು" ಎಂದು ಮೊದಲು ಘೋಷಿಸುತ್ತದೆ. ಆ ಘೋಷಣೆಯೇ ಕಂಟೆಂಟ್ ಟೈಪ್. ಬೊರೆನ್‌ಸ್ಟೈನ್ ಮತ್ತು ಫ್ರೀಡ್ ಎಂಬುವರು 1992ರಲ್ಲಿ ಮಿಂಚಂಚೆಗಾಗಿ ರೂಪಿಸಿದ 'ಮೈಮ್' ಪದ್ಧತಿಯಿಂದ ಅಂತರಜಾಲವು ಇದನ್ನು ಪಡೆಯಿತು. 1999ರಲ್ಲಿ ನೋಕಿಯಾ 7110ರಂತಹ ವ್ಯಾಪ್ ಮೊಬೈಲುಗಳು ಬಂದಾಗ, ಅವುಗಳ ಪುಟಗಳಿಗೆ 'ಟೆಕ್ಸ್ಟ್/ವಿಎನ್‌ಡಿ.ವ್ಯಾಪ್.ಡಬ್ಲ್ಯುಎಂಎಲ್' ಎಂಬ ಹೆಸರೂ, ಕಪ್ಪು-ಬಿಳುಪು ಚಿತ್ರಗಳಿಗೆ 'ಇಮೇಜ್/ವಿಎನ್‌ಡಿ.ವ್ಯಾಪ್.ಡಬ್ಲ್ಯುಬಿಎಂಪಿ' ಎಂಬ ಹೆಸರೂ ನಿಗದಿಯಾದವು. ಮೊಬೈಲಿಗೂ ಸರ್ವರಿಗೂ ನಡುವಿದ್ದ ಗೇಟ್‌ವೇ ಈ ಹೆಸರನ್ನು ನೋಡಿಯೇ ಪುಟವನ್ನು ಪುಟ್ಟ ಸಂಕೇತರೂಪಕ್ಕೆ ಇಳಿಸುತ್ತಿತ್ತು. ಹೆಸರು ತಪ್ಪಿದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

2003ರಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕಾಗಿ ಅಂತಹ ಪುಟವೊಂದನ್ನು ಸಿದ್ಧಪಡಿಸಿದ್ದ. ಬರವಣಿಗೆಯಲ್ಲಿ ಒಂದು ದೋಷವೂ ಇರಲಿಲ್ಲ. ಆದರೂ ಯಾರ ಮೊಬೈಲಿನಲ್ಲಿಯೂ ಅದು ಕಾಣಿಸಲಿಲ್ಲ. ಸರ್ವರ್ ಅದನ್ನು ಬರಿಯ ಪಠ್ಯವೆಂದು ಘೋಷಿಸುತ್ತಿತ್ತು. ವ್ಯವಸ್ಥೆಯ ಕಡತಕ್ಕೆ ಒಂದೇ ಸಾಲು ಸೇರಿಸಿದ ಮೇಲೆ ಪುಟ ತೆರೆಯಿತು.

ನನ್ನ ಪ್ರಯೋಗಶಾಲೆಯಲ್ಲಿ ಕಲಿತವರಿಗೆ ನೆನಪಿರಬಹುದು: ಚೀಟಿಯಿಲ್ಲದ ಸೀಸೆಯನ್ನು ನಾನು ಮುಟ್ಟಗೊಡುತ್ತಿರಲಿಲ್ಲ. ನೀರಿನಂತೆ ಕಂಡದ್ದೆಲ್ಲ ನೀರಲ್ಲ. ಊಹಿಸಿ ನೋಡುವ ಧೈರ್ಯವನ್ನು ಜಾಣತನವೆಂದು ನಾನೆಂದೂ ಕರೆದಿಲ್ಲ.

ಗಣಕದ ಬ್ರೌಸರುಗಳು ಮಾಡಿದ್ದು ಅದನ್ನೇ. ಘೋಷಣೆಯನ್ನು ಬದಿಗಿಟ್ಟು ಒಳಗನ್ನು ಮೂಸಿ ನೋಡಿ ತೀರ್ಮಾನಿಸಿದವು. ಅದರ ಫಲವಾಗಿ, ಚಿತ್ರವೆಂದೋ ಪಠ್ಯವೆಂದೋ ಬಂದ ಕಡತದೊಳಗೆ ಅವಿತ ದುಷ್ಟ ಸೂಚನೆಗಳು ಜಾರಿಯಾಗುವ ದಾರಿ ತೆರೆಯಿತು. ಕೊನೆಗೆ 2008ರಲ್ಲಿ ಮೈಕ್ರೋಸಾಫ್ಟ್ ತನ್ನ ಎಂಟನೆಯ ಆವೃತ್ತಿಯ ಬ್ರೌಸರಿಗಾಗಿ 'ನೋಸ್ನಿಫ್', ಅಂದರೆ "ಮೂಸಬೇಡ", ಎಂಬ ಆಜ್ಞೆಯನ್ನೇ ತರಬೇಕಾಯಿತು. ಸೋದರಳಿಯ ಹೊಗಳುವ ಬುದ್ಧಿವಂತಿಕೆಗೆ ಮೂಗುದಾರ ಬಿದ್ದದ್ದು ಹೀಗೆ.

ಒಂದನ್ನು ಒಪ್ಪುತ್ತೇನೆ. ಮೊಬೈಲಿಗೆಂದೇ ಬೇರೆ ಭಾಷೆ, ಬೇರೆ ಹೆಸರುಗಳು ಅಗತ್ಯಕ್ಕಿಂತ ಹೆಚ್ಚಾದವು. ಅದೇ 1999ರಲ್ಲಿ ಜಪಾನಿನ ಐ-ಮೋಡ್ ಸಾಮಾನ್ಯ ಎಚ್‌ಟಿಎಂಎಲ್‌ನ ಕಿರಿದಾದ ರೂಪದಲ್ಲಿಯೇ ಕೆಲಸ ಸಾಧಿಸಿತು. ಆದರೆ ಹೆಸರುಗಳು ಹೆಚ್ಚಾದವೆಂಬ ದೂರು ಬೇರೆ, ಸುಳ್ಳು ಹೆಸರು ನಡೆದೀತೆಂಬ ವಾದ ಬೇರೆ.

ಇದು ಪರದೇಶದ ಯಂತ್ರಗಳ ಗೊಡವೆಯೆಂದು ಭಾವಿಸಬೇಡಿ. ಅಕ್ಷರಗಳು ಯಾವ ಸಂಕೇತದಲ್ಲಿವೆ ಎಂಬುದನ್ನೂ ಅದೇ ಸಾಲು ಹೇಳಬಲ್ಲದು. 'ಯುಟಿಎಫ್-8' ಎಂದು ಎಲ್ಲಿಯೂ ಹೇಳದೆ ಕಳುಹಿಸಿದ ಕನ್ನಡ ಪುಟಗಳು ಎಷ್ಟೋ ಬಾರಿ ವಿಚಿತ್ರ ಚಿಹ್ನೆಗಳ ರಾಶಿಯಾಗಿ ಕಂಡಿವೆ. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಬರಹಗಳದ್ದು ಇನ್ನೂ ದೊಡ್ಡ ಸಂಕಟ: ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟು ಕಳೆದರೆ ಕನ್ನಡವೂ ಕಳೆಯಿತು. ನಾನೇ ಸಂಪಾದಿಸಿದ ಸ್ಮರಣಸಂಚಿಕೆಯ ಕಡತವನ್ನು ಮೊನ್ನೆ ತೆರೆದೆ. ಅಗಲಿದ ಸಹೋದ್ಯೋಗಿಗಳ ಲೇಖನಗಳಲ್ಲಿ ಒಂದು ಪದವನ್ನೂ ಓದಲಾಗಲಿಲ್ಲ.

ಆ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸವನ್ನು ಸೋದರಳಿಯನಿಗೇ ಒಪ್ಪಿಸಿದ್ದೇನೆ. ನಿಮ್ಮಲ್ಲಿಯೂ ಅಂತಹವಿದ್ದರೆ ತಡಮಾಡಬೇಡಿ. ಯಂತ್ರ ಊಹಿಸಿಕೊಂಡೀತೆಂದು ಕಾಯುತ್ತ ಕುಳಿತರೆ ನಮ್ಮ ಮೊಮ್ಮಕ್ಕಳಿಗೆ ಉಳಿಯುವುದು ಚಿಹ್ನೆಗಳ ರಾಶಿ ಮಾತ್ರ.