ಕಾಲರ್ ಬಿಚ್ಚಿಸುವ ಸಲಹೆ ಬೇಡ, ಕಾರು ಓಡಿಸುವವರು ಬೇಕು



ಆರು ತಿಂಗಳಿಗೆಂದು ಊರಿನಿಂದ ಬಂದ ತಂದೆತಾಯಿಯರು ನಮ್ಮ ಟೌನ್‌ಹೌಸುಗಳ ಕಾರ್ಪೆಟ್ ಮೆಟ್ಟಿಲ ಮೇಲೆ ಜಾರುವುದು ಹೊಸದೇನಲ್ಲ. ವಯಸ್ಸಾದವರು ನಿಂತಲ್ಲೇ ಬಿದ್ದರೂ ಕತ್ತಿನ ಎರಡನೇ ಮೂಳೆ ಮುರಿಯಬಹುದು. ಆಪರೇಷನ್ ಬೇಡವೆನಿಸಿದರೆ ಡಾಕ್ಟರು ಗಟ್ಟಿ ಪ್ಲಾಸ್ಟಿಕ್ಕಿನ ಕಾಲರ್ ಹಾಕಿ ಕಳಿಸುತ್ತಾರೆ, ಅನೇಕರಿಗೆ 6ರಿಂದ 12 ವಾರ. ಹೋದ ಚಳಿಗಾಲದಲ್ಲಿ ನಮ್ಮ ಮಾವನವರಿಗೆ ಆದದ್ದೂ ಇದೇ. ನೋಡಲು ಬಂದವರೆಲ್ಲ ಪ್ರೀತಿಯಿಂದಲೇ ಬಂದರು. ಆದರೆ ಅರ್ಧ ಜನರ ಬಾಯಲ್ಲಿ ಒಂದೇ ಮಾತು: "ಮನೇಲಿದ್ದಾಗಲಾದ್ರೂ ಬಿಚ್ಚಿಡಿ ಅಂಕಲ್, ಕತ್ತು ಹಿಡ್ಕೊಂಡುಬಿಡುತ್ತೆ. ಸ್ವಲ್ಪ ಎಣ್ಣೆ ಹಚ್ಚಿ ತಿಕ್ಕಿಸ್ಕೊಳ್ಳಿ."

ಈ ಸಲಹೆಯ ಮೂಲ ಬೆಂಗಳೂರಿನ ಮೆಡಿಕಲ್ ಷಾಪಿನ ಸ್ಪಂಜಿನ ಪಟ್ಟಿ ಎಂದು ನನ್ನ ಗುಮಾನಿ. ಸ್ಪಾಂಡಿಲೈಟಿಸ್ ಎಂದು ಸುತ್ತಿಕೊಂಡು, ಬೇಜಾರಾದಾಗ ಮೊಳೆಗೆ ನೇತುಹಾಕುವ ಪಟ್ಟಿ ಅದು. ಮಯಾಮಿ ಜೆ, ಆಸ್ಪೆನ್‌ನಂಥ ಗಟ್ಟಿ ಕಾಲರಿನ ಜಾತಿಯೇ ಬೇರೆ. ಗದ್ದ, ತಲೆಯ ಹಿಂಭಾಗ, ಎದೆಯ ಮೇಲ್ಭಾಗ ಮೂರನ್ನೂ ಹಿಡಿದು ಕತ್ತು ಆದಷ್ಟು ಅಲುಗದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಕತ್ತು ಬಿಗಿಯಾಗುವುದು ನಿಜ, ಆದರೆ ಅದಕ್ಕೆ ಆಮೇಲೆ ಫಿಸಿಯೋಥೆರಪಿ ಇದೆ. ಇನ್ನೂ ಕೂಡದ ಮೂಳೆ ಜರುಗಿ ಬೆನ್ನುಹುರಿಯನ್ನು ಒತ್ತಿದರೆ ಕೈಕಾಲೇ ಹೋಗಬಹುದು. ಅಟ್ಲಾಂಟಾದವರಿಗೆ ಶೆಫರ್ಡ್ ಸೆಂಟರ್ ಗೊತ್ತಿರುತ್ತದೆ. 1973ರಲ್ಲಿ ಬ್ರೆಜಿಲ್‌ನ ಕಡಲಲೆಗಳಲ್ಲಿ ಆಡುವಾಗ ಮಗನ ಬೆನ್ನುಹುರಿಗೆ ಪೆಟ್ಟಾಗಿ, ಅದರ ನಂತರದ ಆರೈಕೆಗೆ ಕೊಲೊರಾಡೊವರೆಗೆ ಹೋಗಬೇಕಾಗಿ ಬಂದ ಕುಟುಂಬ 1975ರಲ್ಲಿ 6 ಹಾಸಿಗೆಗಳಿಂದ ಶುರುಮಾಡಿದ ಆಸ್ಪತ್ರೆ ಅದು. ಬೆನ್ನುಹುರಿಯ ಪೆಟ್ಟು ಎಂದರೆ ಏನೆಂದು ಅಲ್ಲಿಯವರನ್ನು ಕೇಳಬೇಕು.

ಹಾಗೆಂದು ಹಾಕಿ ಮರೆತುಬಿಡುವ ವಸ್ತುವೂ ಅಲ್ಲ. ಗದ್ದದ ಕೆಳಗೆ, ತಲೆಯ ಹಿಂದೆ ಒತ್ತಿ ಹುಣ್ಣಾಗುತ್ತದೆ. ದಿನವೂ ಚರ್ಮ ನೋಡಬೇಕು, ಒಳಗಿನ ಪ್ಯಾಡ್ ಒಗೆದು ಬದಲಿಸಬೇಕು. ನಮಗೆ ನರ್ಸ್ ಹೇಳಿಕೊಟ್ಟಂತೆ ಮಾವನವರನ್ನು ಚಪ್ಪಟೆಯಾಗಿ ಮಲಗಿಸಿ, ಒಬ್ಬರು ತಲೆ ಹಿಡಿದುಕೊಂಡು ಇನ್ನೊಬ್ಬರು ಪ್ಯಾಡ್ ಬದಲಿಸುತ್ತಿದ್ದೆವು. ನಿಮ್ಮ ಡಾಕ್ಟರ ನಿಯಮ ಬೇರೆ ಇರಬಹುದು. ಕೆಲವು ಕತ್ತಿನ ಆಪರೇಷನ್ ಆದವರಿಗೆ ಈಗ ಕಾಲರನ್ನೇ ಕೊಡುವುದಿಲ್ಲ. ಆದ್ದರಿಂದ "ನಮ್ಮ ಭಾವನಿಗೆ ಎರಡೇ ವಾರಕ್ಕೆ ತೆಗೆದರು" ಎಂಬ ಮಾತು ಇನ್ನೊಬ್ಬರ ಕತ್ತಿಗೆ ಅನ್ವಯಿಸುವುದಿಲ್ಲ.

ನಿಜವಾದ ತೊಂದರೆ ಬೇರೆಯೇ ಇದೆ. ಕಾಲರ್ ಹಾಕಿದವರಿಗೆ ಮುಂದಿರುವ ತಟ್ಟೆ ಕಾಣಿಸದು, ಸಾರು ಅನ್ನ ಅಂಗಿಯ ಮೇಲೆ. (ತಟ್ಟೆಯ ಕೆಳಗೆ ನನ್ನ ಹಳೆಯ ಜಾವಾ ಪುಸ್ತಕಗಳನ್ನು ಪೇರಿಸಿದೆವು. ಕೊನೆಗೂ ಉಪಯೋಗಕ್ಕೆ ಬಂದವು!) ತಮ್ಮ ಪಾದವೇ ಕಾಣಿಸದಿರುವಾಗ ಮೆಟ್ಟಿಲಿಳಿಯುವುದು ಮತ್ತೆ ಬೀಳುವುದಕ್ಕೆ ದಾರಿ. ಇನ್ನು ಪೆಟ್ಟು ಬಿದ್ದದ್ದು ನಮ್ಮ ವಯಸ್ಸಿನವರಿಗಾದರೆ ಗಾಡಿ ಓಡಿಸುವಂತಿಲ್ಲ. ಕತ್ತು ತಿರುಗಿಸದೆ 495ರಲ್ಲೋ ಅಟ್ಲಾಂಟಾದ 285ರಲ್ಲೋ ಲೇನ್ ಬದಲಿಸುವುದುಂಟೇ? ಕ್ಯಾರಿ, ಆಲ್ಫರೆಟ್ಟಾದಂಥ ಕಡೆ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಗಂಡಹೆಂಡಿರಲ್ಲಿ ಒಬ್ಬರೇ ಆಫೀಸು, ಆಸ್ಪತ್ರೆ, ಮಕ್ಕಳ ಶಾಲೆ ಎಲ್ಲಕ್ಕೂ ಓಡಬೇಕು.

ಯುಗಾದಿಗೆ ಇನ್ನೂರು ಜನಕ್ಕೆ ಬಿಸಿಬೇಳೆಬಾತ್ ಬಡಿಸಲು ನಮ್ಮಲ್ಲಿ ಸ್ವಯಂಸೇವಕರಿಗೆ ಬರವಿಲ್ಲ. ಅದೇ ರೀತಿ ಆಸ್ಪತ್ರೆಗೆ ಕರೆದೊಯ್ಯುವವರದೊಂದು ಪಟ್ಟಿಯನ್ನು ಕೂಟ ಇಟ್ಟುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಯಾವ ಊರು, ಯಾವ ದಿನ, ಎಷ್ಟು ಹೊತ್ತು, ಇಷ್ಟು ಬರೆದುಕೊಂಡರೆ ಸಾಕು. ನನ್ನ ಹೆಸರು ಮೊದಲು ಹಾಕಿಕೊಳ್ಳಿ: ಫೇರ್‌ಫ್ಯಾಕ್ಸ್ ಸುತ್ತಮುತ್ತ, ಶುಕ್ರವಾರ ಮಧ್ಯಾಹ್ನ ಎರಡರ ನಂತರ.