ಕಡಲು, ಯಂತ್ರ ಮತ್ತು ತಾಂಡೇಲನ ಕಣ್ಣು

ಬುದ್ಧಿಯುಳ್ಳ ಯಂತ್ರಗಳು ಮನುಷ್ಯನ ಉದ್ಯೋಗವನ್ನು ಕಸಿದುಕೊಳ್ಳುವುವೇ ಎಂಬ ಚರ್ಚೆ ಈಗ ನಮ್ಮ ಕಾಲೇಜುಗಳ ವಿಚಾರಗೋಷ್ಠಿಗಳಲ್ಲಿ ಭರದಿಂದ ನಡೆದಿದೆ. ಭಾಷಣಕಾರರ ದೃಷ್ಟಿಯೆಲ್ಲ ಬೆಂಗಳೂರಿನ ಕಚೇರಿಗಳ ಮೇಲೆ. ಪ್ರಶ್ನೆಯಾದರೋ ನಮ್ಮ ಕರಾವಳಿಗೆ ಹೊಸದಲ್ಲ. ಬ್ರಹ್ಮಾವರದ ಕಡೆಯ ಹಂಗಾರಕಟ್ಟೆಯಿಂದ ಹಿಡಿದು ಕುಂದಾಪುರದ ಗಂಗೊಳ್ಳಿಯನ್ನು ಹಾದು ಬೈಂದೂರಿನ ಉಪ್ಪುಂದ, ಶಿರೂರುಗಳವರೆಗೆ ಹಬ್ಬಿದ ಈ ಮರಳದಂಡೆಯ ಮೀನುಗಾರರು ಅದನ್ನು ಎರಡು ಬಾರಿ ಎದುರಿಸಿದ್ದಾರೆ: ಮೊದಲ ಸಲ ಕೂಗಾಡಿ, ಎರಡನೆಯ ಸಲ ಮೌನವಾಗಿ. ಆ ಮೌನವೇ ನನ್ನನ್ನು ಕಾಡುತ್ತಿರುವ ಸಂಗತಿ.

ಮೊದಲಿನದು ರಂಪಣಿಯ ಕಥೆ. ದಡದಿಂದ ದೋಣಿಯಲ್ಲಿ ಸಾಗಿ, ಮೀನಿನ ಹಿಂಡನ್ನು ಸುತ್ತುವರಿದು ಬಿಡುತ್ತಿದ್ದ ಆ ಮಹಾಬಲೆಯ ಎರಡು ತುದಿಗಳನ್ನು ದಡಕ್ಕೆಳೆಯಲು ಊರಿಗೆ ಊರೇ ಬೇಕಾಗುತ್ತಿತ್ತು. ಸಿಕ್ಕಿದ ಬಂಗುಡೆ, ಬೂತಾಯಿಗಳು ಪಾಲಾಗಿ ಹಂಚಿಹೋಗುತ್ತಿದ್ದವು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡದ ಬಳಿ ಸುಳಿಯುವವರೆಗೆ ಕಾಯದೆ, ಇಂಜಿನ್ನಿನ ಬಲದಿಂದ ಅದಿದ್ದಲ್ಲಿಗೇ ಹೋಗಿ ಸುತ್ತುಗಟ್ಟಿ, ಬಲೆಯ ಅಡಿಯನ್ನು ಚೀಲದ ಬಾಯಿಯಂತೆ ಬಿಗಿದು ಎತ್ತುವ ಕ್ರಮವದು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಇಂದು ಉಳಿದಿರುವುದು ಅಲ್ಲಲ್ಲಿ ಕೈರಂಪಣಿ ಮಾತ್ರ. ಆಗ ಜಗಳಗಳಾದವು, ಸರಕಾರಕ್ಕೆ ಮನವಿಗಳು ಹೋದವು. ತೋಳಿನ ಕೆಲಸ ಹೋದದ್ದು ಎಲ್ಲರಿಗೂ ಕಾಣುವಂತಿತ್ತು. (ರಂಪಣಿಯ ಕಾಲವನ್ನು ಸ್ವರ್ಗವೆಂದು ಬಣ್ಣಿಸುವವರ ಗುಂಪಿಗೆ ನಾನು ಸೇರಿದವನಲ್ಲ. ಬಲೆ ಬರಿದಾದ ದಿನ ಪಾಲೂ ಬರಿದೇ.)

ಎರಡನೆಯ ಯಂತ್ರ ಬಂದದ್ದು ಕಣ್ಣಿನ ಕೆಲಸಕ್ಕೆ. ನೀರಿನ ಮೇಲೆ ಕಪ್ಪಾಗಿಯೋ ಕೆಂಪಾಗಿಯೋ ಸರಿದಾಡುವ ಛಾಯೆ, ಎರಗುವ ಹಕ್ಕಿಗಳ ಗುಂಪು, ಅಮಾವಾಸ್ಯೆಯ ಆಸುಪಾಸಿನ ಕತ್ತಲಲ್ಲಿ ಹಿಂಡು ಚಲಿಸಿದಂತೆ ನೀರಿನೊಳಗೆ ಏಳುವ ಮಿನುಗು, ಇಷ್ಟನ್ನೂ ಓದಿ ಬಲೆ ಬಿಡುವ ಅಪ್ಪಣೆ ಕೊಡುತ್ತಿದ್ದವನು ದೋಣಿಯ ತಾಂಡೇಲ. ಈಗ ಬೋಟಿನ ತಳದಿಂದ ಶಬ್ದದ ಅಲೆಯನ್ನು ಇಳಿಬಿಟ್ಟು, ಮೀನಿಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಪರದೆಯ ಮೇಲೆ ಬಣ್ಣವಾಗಿ ತೋರಿಸುವ ಫಿಶ್ ಫೈಂಡರ್ ಇದೆ. ದಾರಿ ಹೇಳಲು ಜಿಪಿಎಸ್ ಇದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯು ಕಡಲಿನ ಶಾಖವನ್ನೂ ಹಸಿರನ್ನೂ ಉಪಗ್ರಹಗಳಿಂದ ಅಳೆದು, ಮೀನು ದೊರೆಯಬಹುದಾದ ನೆಲೆಗಳನ್ನು ಸೂಚಿಸುತ್ತದೆ. ಇದರಿಂದ ಡೀಸೆಲ್ ಉಳಿದಿದೆ. ಬಿರುಗಾಳಿಯ ಮುನ್ಸೂಚನೆಯೂ ಇಂಥ ಯಂತ್ರಗಳಿಂದಲೇ ಬರುತ್ತದೆ, ಅದರಿಂದ ಜೀವಗಳೂ ಉಳಿದಿವೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಮಳೆಗಾಲದ ರಜೆಯಲ್ಲಿ ಗಂಗೊಳ್ಳಿಯ ಬಂದರಿನಲ್ಲಿ ಬಲೆ ಸರಿಪಡಿಸುತ್ತಿದ್ದ ವೃದ್ಧರೊಬ್ಬರು ನನಗೆ ಹೇಳಿದ ಮಾತು ಬೇರೆ ತೆರನಾದುದು. ಮೊದಲು ಬಲೆ ಬರಿದಾಗಿ ಬಂದರೆ ಸಂಜೆಯೆಲ್ಲ ವಾದವಾಗುತ್ತಿತ್ತಂತೆ: ನೀರು ನೋಡಿದ್ದು ತಪ್ಪೋ, ಬಲೆ ಬಿಟ್ಟ ಹೊತ್ತು ತಪ್ಪೋ, ಸೆಳೆತದ ಎಣಿಕೆ ತಪ್ಪೋ ಎಂದು. ಹುಡುಗರು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು. ಈಗ ಪರದೆ ತೋರಿಸಿದ್ದು ಸುಳ್ಳಾಯಿತೆಂದರೆ ಮಾತು ಅಲ್ಲಿಗೆ ಮುಗಿಯಿತು.

ಇದರ ಅರ್ಥವನ್ನು ಉಪಾಧ್ಯಾಯರಾದವರು ಕೂಡಲೇ ಗ್ರಹಿಸಿಯಾರು. ತಾಂಡೇಲನ ವಿದ್ಯಾಶಾಲೆ ನಡೆಯುತ್ತಿದ್ದುದು ಸೋಲಿನ ವಿಚಾರಣೆಯಲ್ಲಿ. ಊಹಿಸಿ, ತಪ್ಪಿ, ತಪ್ಪಿಗೆ ಕಾರಣ ಹುಡುಕುವ ಆ ಅಭ್ಯಾಸ ನಿಂತಾಗ ಮನುಷ್ಯನಿಗೆ ಕೂಲಿ ನಷ್ಟವಾಗಲಿಕ್ಕಿಲ್ಲ, ದುಡಿಮೆ ಹಗುರವೂ ಆದೀತು. ತನ್ನ ಕೆಲಸ ತನಗೆ ಗೊತ್ತೆಂಬ ಧೈರ್ಯ ಮಾತ್ರ ಕುಂದುತ್ತದೆ. ಈ ನಷ್ಟಕ್ಕೆ ಯಾವ ಸಂಘವೂ ಮನವಿ ಬರೆಯಲಾರದು. ಊಹಿಸುವ ಮೊದಲೇ ಕೃತಕ ಬುದ್ಧಿಮತ್ತೆಯಿಂದ ಉತ್ತರ ಪಡೆಯುವ ನಮ್ಮ ವಿದ್ಯಾರ್ಥಿಯ ಸ್ಥಿತಿಯೂ ಇದಕ್ಕೆ ದೂರವಿಲ್ಲ.

ಇನ್ನು, ಎಲ್ಲ ಬೋಟುಗಳಿಗೂ ಎಲ್ಲವೂ ಕಾಣತೊಡಗಿದರೆ ಮೀನಿಗೆ ಅಡಗಲು ಎಡೆಯೆಲ್ಲಿ? ಕಂಡುಹಿಡಿದದ್ದು ಸಾಲದೆ, ಪ್ರಖರ ದೀಪಗಳಿಂದ ಹಿಂಡನ್ನು ಸೆಳೆಯುವ ಮೀನುಗಾರಿಕೆಯೂ ಬಂದಿತು. ಕೇಂದ್ರ ಸರಕಾರ 2017ರಲ್ಲಿ ಅದನ್ನು ನಿಷೇಧಿಸಿತು. ಅದರ ವಿರುದ್ಧ ದನಿಯೆತ್ತಿದ ನಾಡದೋಣಿಯವರು ಯಂತ್ರದ್ವೇಷಿಗಳಲ್ಲ, ಅವರ ದೋಣಿಗಳಿಗೂ ಮೋಟಾರುಗಳಿವೆ. ಅವರು ಕೇಳಿದ್ದು ಒಂದು ಮಿತಿಯನ್ನು.

ಜೂನ್ ಮತ್ತು ಜುಲೈ ತಿಂಗಳ 61 ದಿನ ದೊಡ್ಡ ಬೋಟುಗಳು ಬಂದರಿನಲ್ಲಿ ನಿಲ್ಲುತ್ತವೆ. ಆಗ ಕಡಲಿಗಿಳಿಯಲು ಅನುಮತಿಯಿರುವುದು 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳಿಗೆ. ಅವುಗಳಲ್ಲಿ ನೀರಿನ ಬಣ್ಣ ನೋಡಿ ಬಲೆ ಬಿಡಿಸಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರ ಮಗ್ಗುಲಲ್ಲಿ ಕುಳಿತು ನೋಡುವ ಹುಡುಗರು ಎಷ್ಟು ಮಂದಿಯೆಂಬುದನ್ನು ಕುಂದಾಪುರದ ಯಾವುದಾದರೂ ಕಾಲೇಜಿನ ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ದಂಡೆದಂಡೆಗೆ ಹೋಗಿ ಎಣಿಸಿ ಬರಲಿ.